ಮಹಾರಾಜನ ಮೊದಲ ಸಂಬಳ

ಮಹಾರಾಜ ತನ್ನ ಮೊದಲ ತಿಂಗಳ ಸಂಬಳವನ್ನು ಲಾರಿಗೆ ಹೇರಿಕೊಂಡು ಮನೆಗೆ ಹೊರಟಾಗ ಲಾರಿ ತೂಗುವ ವೇಬ್ರಿಡ್ಜಿನವರು ಅಡ್ಡ ಹಾಕಿ, ಓವರ್‌ಲೋಡ್ ಆಗಿದೆ ಎಂದು ದಂಡ ಹಾಕಿದರು. ಅವನು ನಗುನಗುತ್ತಾ ಕಟ್ಟಿದ. ಕಟ್ಟಿದ ಮೇಲೂ ಹಿಂದಿನ ಗಾಲಿಗಳು ನೆಲದಲ್ಲಿ ಹೂತುಕೊಂಡೇ ಇದ್ದವು. ಕೊನೆಗೆ ಕ್ರೇನ್ ತರಿಸಿ ಎತ್ತಿಸಬೇಕಾಯಿತು. ಕ್ರೇನಿನವನ ಕೈಗೆ ಒಂದು ಹಿಡಿ ನೋಟು ತುರುಕಿದ. ಆ ಕ್ರೇನಿನವನು ಮಾರನೆಯ ದಿನವೇ ಕೆಲಸ ಬಿಟ್ಟು, ಎರಡು ಮಹಡಿಯ ಮನೆ ಕಟ್ಟಿಸಿ, ಮೇಲಿನ ಮಹಡಿಯಲ್ಲಿ ಕಾಲು ಚಾಚಿ ಕೂತ. ಇವತ್ತಿಗೂ ಕೂತಿದ್ದಾನೆ. ಬೇಕಾದರೆ ಹೋಗಿ ನೋಡಿ.

ಈ ಮಾತನ್ನು ಅವನು ದಿನಾ ಬೆಳಿಗ್ಗೆ ಲಾರಿ ಕಲಿಸುವ ಶಾಲೆಯ ಗೇಟಿನ ಎದುರು ನಿಂತು ಹೇಳುತ್ತಿದ್ದ. ಮೈಮೇಲೆ ಬಿಳಿ ಅಂಗಿ. ಗೆರೆ ಮುಟ್ಟಿದರೆ ಬೆರಳು ಕೊಯ್ಯುವಂಥ ಇಸ್ತ್ರಿ. ಮಣಿಕಟ್ಟಿನಲ್ಲಿ ಬಂಗಾರದ ಬಣ್ಣದ ವಾಚು. ಲೈಸೆನ್ಸ್ ಕೈಗೆ ಬಂದ ಹೊಸಬರು ಗೇಟಿನಿಂದ ಹೊರಗೆ ಬಂದಾಗ ಮೊದಲು ಕಣ್ಣಿಗೆ ಬೀಳುತ್ತಿದ್ದವನು ಅವನೇ. ಗಾರೆ ಕೆಲಸ ಬಿಟ್ಟವರು, ಮುಚ್ಚಿದ ಕಾರ್ಖಾನೆಯವರು, ಅಂಗಡಿ ಗುಡಿಸುತ್ತಿದ್ದವರು. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ.

"ಅಣ್ಣಾ, ಶುರುವಿಗೆ ಎಷ್ಟು ಸಿಗುತ್ತೆ?"

"ಎಷ್ಟು ಸಿಗುತ್ತೆ ಅಂತ ಕೇಳಬೇಡ ತಮ್ಮಾ. ಎಲ್ಲಿಡ್ತೀಯಾ ಅಂತ ಯೋಚನೆ ಮಾಡು."

ಅವರು ನಗುತ್ತಿದ್ದರು. ಯಾರೂ ನಂಬುತ್ತಿರಲಿಲ್ಲ. ಆದರೆ ಕಣ್ಣು ವಾಚಿನ ಮೇಲೆ ಹೋಗುತ್ತಿತ್ತು. ಮಹಾರಾಜನಿಗೆ ಅಷ್ಟೇ ಸಾಕು. ಆನೆಯಷ್ಟು ಸುಳ್ಳು ಹೇಳಿದರೆ, ಆನೆಯನ್ನು ಬಿಟ್ಟು ನಕ್ಕವರು ಆಡಿನಷ್ಟನ್ನಾದರೂ ನಂಬಿ ಮನೆಗೆ ಒಯ್ಯುತ್ತಾರೆ. ಸಂಜೆಯೊಳಗೆ ಅವರಲ್ಲಿ ಇಬ್ಬರು ಮೂವರು ಲಾರಿ ಕಂಪನಿಯ ಯಾರ್ಡಿಗೆ ಬಂದು ಹೆಬ್ಬೆಟ್ಟು ಒತ್ತುತ್ತಿದ್ದರು.

ಅವನಿಗೆ ಮಹಾರಾಜ ಎಂದು ಹೆಸರಿಟ್ಟವರು ಹಳೆಯ ಡ್ರೈವರುಗಳು. ಗೌರವಕ್ಕಲ್ಲ, ಗೇಲಿಗೆ. ಗಾಲಿ ಕಂಡುಹಿಡಿಯುವ ಮೊದಲೇ ತಾನು ಲಾರಿ ಓಡಿಸುತ್ತಿದ್ದೆ ಎನ್ನುವಷ್ಟು ಹಳಬ. ಈಗ ಸೊಂಟ ಹೋಗಿತ್ತು. ಸೀಟಿನಲ್ಲಿ ಕೂತರೆ ಯಾರೋ ಬೆನ್ನುಮೂಳೆಗೆ ಸ್ಪ್ಯಾನರ್ ಹಾಕಿ ತಿರುವಿದ ಹಾಗೆ. ಕೂರಲಾರದ ಡ್ರೈವರನ್ನು ಕಂಪನಿ ಗೇಟಿನ ಎದುರು ನಿಲ್ಲಿಸಿತು.

ವಾಚು ಕಂಪನಿಯದು. ಸಂಜೆಯಾದರೆ ಆಫೀಸಿನ ಡ್ರಾಯರಿಗೆ ವಾಪಸ್. ಅಂಗಿ ಕಂಪನಿಯದು. ಅಂಗಿಯ ಮೇಲೆ ಆಡುತ್ತಿದ್ದ ನಾಲಿಗೆಯೂ ಕಂಪನಿಯದು. ಒಬ್ಬ ಹೊಸಬ ಸೇರಿದರೆ ಮಹಾರಾಜನಿಗೆ ತಲೆಗೆ ಇಷ್ಟು ಎಂದು ಸಿಗುತ್ತಿತ್ತು. ಊರೆಲ್ಲಾ ಕೇಳುವ ಹಾಗೆ ಬಾಯಿ ಬಿಡುತ್ತಿದ್ದ ಮನುಷ್ಯ ಬಾಯಿ ಮುಚ್ಚಿಕೊಂಡಿದ್ದ ವಿಷಯ ಇದೊಂದೇ.

ಅಂಗಿಗೆ ಇಸ್ತ್ರಿ ಹಾಕುತ್ತಿದ್ದವಳು ಅವನ ತಂಗಿ.

ಓಣಿಯ ಮೂಲೆಯಲ್ಲಿ ಅವಳ ಇಸ್ತ್ರಿ ಅಂಗಡಿ. ಅಂಗಡಿ ಎಂದರೆ ಒಂದು ಮೇಜು, ಒಂದು ಇಸ್ತ್ರಿ ಪೆಟ್ಟಿಗೆ, ತಲೆಯ ಮೇಲೆ ಒಂದು ತಗಡು. ಗಂಡ ಬಿಟ್ಟು ಹೋದ ಮೇಲೆ ಅವಳನ್ನೂ ಮಗಳನ್ನೂ ಸಾಕಿದ್ದು ಆ ಮೇಜೇ. ಬಲಗೈ ಹೆಬ್ಬೆರಳ ಬುಡ ಸುಟ್ಟು ಸುಟ್ಟು ಚಪ್ಪಲಿಯ ತೊಗಲಿನ ಹಾಗಾಗಿತ್ತು. ಅಣ್ಣನ ಅಂಗಿಗೆ ಕಾಸು ಮುಟ್ಟುತ್ತಿರಲಿಲ್ಲ. "ನನ್ನ ಅಣ್ಣ ಸಾಹೇಬರ ಹಾಗೆ ಹೋಗಬೇಕು" ಅನ್ನುತ್ತಿದ್ದಳು. ದಿನಾ ಸಂಜೆ ಒಂದು ಸುಳ್ಳಿಗೆ ಗೆರೆ ಕೂರಿಸುತ್ತಿದ್ದೇನೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಒಂದು ಸಂಜೆ ಇಸ್ತ್ರಿ ಹಾಕುತ್ತಲೇ ಕೇಳಿದಳು.

"ಅಣ್ಣಾ, ಒಂದು ಕೇಳ್ಲಾ? ನಗಬಾರದು."

"ಕೇಳು."

"ನಾನೂ ಲಾರಿ ಕಲೀಲಾ? ಈಗ ಹೆಂಗಸರನ್ನೂ ತಗೋತಾರಂತೆ. ಶುರುವಿಗೆ ಎಷ್ಟು ಸಿಗುತ್ತೆ? ಗೇಟಿನ ಹತ್ತಿರ ಹೇಳೋ ಲೆಕ್ಕ ಬೇಡ. ನನಗೆ ಹೇಳೋ ಲೆಕ್ಕ ಹೇಳು."

ಇಸ್ತ್ರಿ ಪೆಟ್ಟಿಗೆ ಅಂಗಿಯ ಬೆನ್ನ ಮೇಲೆ ನಿಂತಿತ್ತು. ಒಂದು ಗಳಿಗೆ ತಡವಾದರೆ ಬಟ್ಟೆ ಸುಡುತ್ತದೆ. ಅಷ್ಟರೊಳಗೆ ನಿಜ ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಅದು ವರ್ಷಗಟ್ಟಲೆ ಒಂದೇ ದಾರಿಯಲ್ಲಿ ಓಡಿ ಪಳಗಿದ ನಾಲಿಗೆ. ತಿರುಗಲಿಲ್ಲ.

"ನೀನು ಲಾರಿ ಓಡಿಸಿದ್ರೆ ರಸ್ತೆಯ ಸುಕ್ಕೆಲ್ಲಾ ಹೋಗುತ್ತೆ ಕಣೇ!" ಅಂದ. "ಒಂದು ವರ್ಷ ತಾಳು. ಮಗಳ ಫೀಸು ಕಟ್ಟೋಕೆ ಅಂತ ಹೋದವಳು ಶಾಲೆಯನ್ನೇ ಕೊಂಡುಕೊಂಡು ಬರ್ತೀಯಾ."

ತಂಗಿ ನಕ್ಕಳು. ಆನೆಯನ್ನು ಬಿಟ್ಟಳು. ಆಡನ್ನು ಹಿಡಿದುಕೊಂಡು ಮನೆಗೆ ಹೋದಳು.

ಮೇಜು ಮಾರಿದಳು. ಇಸ್ತ್ರಿ ಪೆಟ್ಟಿಗೆ ಮಾರಿದಳು. ಕೊನೆಗೆ ತಗಡನ್ನೂ ಮಾರಿ ಕಲಿಯುವ ಫೀಸು ಕಟ್ಟಿದಳು. ಅವಳ ಜೊತೆ ಕಲಿಯುತ್ತಿದ್ದ ಗಂಡಸರು ರಿವರ್ಸ್ ಹಾಕುವಾಗ ಗೋಡೆಗೆ ಗುದ್ದುತ್ತಿದ್ದರು. ಇವಳು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆಯುತ್ತಿದ್ದಳು. ಯಾರ್ಡಿಗೆ ಸೇರಿದ ದಿನ ಮ್ಯಾನೇಜರ್ ಮಹಾರಾಜನನ್ನು ಕಿಟಕಿಯ ಹತ್ತಿರ ಕರೆದ.

ಈ ಮ್ಯಾನೇಜರನಿಗೆ ಡ್ರೈವರುಗಳು ಇಟ್ಟ ಹೆಸರು ಗಡಿಯಾರ. ಮಾತು ಮಾತಿಗೂ ಗೋಡೆಯ ಗಡಿಯಾರ ನೋಡುವವನು. ತನ್ನ ಒಂದು ನಿಮಿಷ ಹೋದರೆ ಎಗರಾಡುವವನು, ಇನ್ನೊಬ್ಬರ ಮೂರು ದಿನ ಹೋದರೂ ಆಕಳಿಸುವವನು.

"ಸ್ವಂತ ತಂಗೀನಾ?"

"ಹೌದು ಸಾರ್."

"ಇರಲಿ. ತಲೆ ತಲೆನೇ. ತಗೋ."

ಮಹಾರಾಜ ಕೈ ಹಿಂದಕ್ಕೆ ಎಳೆದುಕೊಂಡ, ನೋಟನ್ನು ಗಡಿಯಾರನ ಮುಖಕ್ಕೆ ಎಸೆದ ಎಂದು ಹೇಳಿದರೆ ಕೇಳಲು ಚೆನ್ನಾಗಿರುತ್ತದೆ. ಎಸೆಯಲಿಲ್ಲ. ತಗೊಂಡ. ಬೇರೆ ಯಾರೋ ತಿನ್ನುವುದಕ್ಕಿಂತ ಮನೆಯಲ್ಲೇ ಉಳಿಯಲಿ ಎಂದು ತನಗೆ ತಾನೇ ಹೇಳಿಕೊಂಡ. ತಂಗಿ ಮೊದಲು ಇಸ್ತ್ರಿ ಹಾಕುತ್ತಿದ್ದ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡ. ಅದು ಎದೆಯನ್ನು ಕೆಂಡದ ಹಾಗೆ ಸುಡತೊಡಗಿತು. ದಾರಿಯಲ್ಲಿ ಬೂಟಿನ ಅಂಗಡಿಗೆ ನುಗ್ಗಿ ದಪ್ಪ ಅಟ್ಟೆಯ ಕಪ್ಪು ಬೂಟು ತಂದ. ತಂಗಿಯ ಕಾಲಿನ ಅಳತೆ ಗೊತ್ತಿರಲಿಲ್ಲ. ಒಂದು ಸೈಜು ದೊಡ್ಡದಾಯಿತು.

"ಇದನ್ನ ಹಾಕ್ಕೊಂಡು ಕ್ಲಚ್ ಮೇಲೆ ಕಾಲಿಡು. ಎಂಜಿನ್ನೇ ಎದ್ದು ನಿಂತು ಸಲಾಮು ಹೊಡೆಯುತ್ತೆ!"

ತಂಗಿ ಬೂಟನ್ನು ಎದೆಗೆ ಅವಚಿಕೊಂಡಳು. ಅವಳಿಗೆ ಹುಟ್ಟಿದಾರಭ್ಯ ಯಾರೂ ಬೂಟು ಕೊಡಿಸಿರಲಿಲ್ಲ. ಮುಂದುಗಡೆ ಬಟ್ಟೆಯ ಚೂರು ತುರುಕಿ ಹಾಕಿಕೊಂಡಳು. "ನಮ್ಮಣ್ಣ ಕೊಡಿಸಿದ್ದು" ಎಂದು ಓಣಿಗೆಲ್ಲಾ ತೋರಿಸಿದಳು.

ಅವತ್ತಿನಿಂದ ಮಹಾರಾಜ ತಂಗಿಯ ಕಾಲು ನೋಡಿ ಮಾತಾಡಿದ್ದಿಲ್ಲ.

ಯಾರ್ಡಿನಲ್ಲಿ ಹೊಸಬರಿಗೆ ಮೊದಲ ವರ್ಷ ಒಂದೇ ಕಾನೂನು. ಗಾಲಿ ತಿರುಗಿದರೆ ಕೂಲಿ. ಗಾಲಿ ನಿಂತರೆ ಇಲ್ಲ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಲಾರಿ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಗೋದಾಮಿನ ಗೇಟಿನಲ್ಲಿ ನಿಲ್ಲುತ್ತದೆ. ವೇಬ್ರಿಡ್ಜಿನಲ್ಲಿ ನಿಲ್ಲುತ್ತದೆ. ಹಮಾಲರು ಬರುವ ತನಕ ನಿಲ್ಲುತ್ತದೆ. ಹಮಾಲರು ಬರದಿದ್ದರೆ ಡ್ರೈವರೇ ಹಮಾಲ. ತಂಗಿ ಸಿಮೆಂಟು ಚೀಲ ಬೆನ್ನ ಮೇಲೆ ಹೊತ್ತಳು. ಸಿಮೆಂಟು ಬೆವರಿಗೆ ಅಂಟಿ ಕತ್ತು ಬಿರಿಯಿತು. ಲೋಡಾದ ಮೇಲೆ ಟಾರ್ಪಾಲು ಎಳೆದು ಹಗ್ಗ ಬಿಗಿಯಬೇಕು. ಅಂಗೈ ಸಿಪ್ಪೆ ಎದ್ದು ಬಂತು. ಅದಕ್ಕೆ ಕೂಲಿ ಇಲ್ಲ. ಗಾಲಿ ತಿರುಗಿಲ್ಲವಲ್ಲ.

ಸರದಿಯಲ್ಲಿ ಸೀಟು ಬಿಡುವ ಹಾಗಿಲ್ಲ. ಮುಂದಿನ ಲಾರಿ ಸರಿದಾಗ ಡ್ರೈವರ್ ಸೀಟಿನಲ್ಲಿ ಇರದಿದ್ದರೆ ಆ ಲಾರಿ ಸರದಿಯ ಬಾಲಕ್ಕೆ. ನಿದ್ದೆ ಸೀಟಿನಲ್ಲೇ. ಊಟ ಸೀಟಿನಲ್ಲೇ. ಗಂಡಸರು ಒಂದಕ್ಕೆ ಬಾಟಲಿ ಇಟ್ಟುಕೊಂಡಿದ್ದರು. ತಂಗಿ ನೀರು ಕುಡಿಯುವುದನ್ನೇ ಬಿಟ್ಟಳು.

ತಿಂಗಳ ಕೊನೆಗೆ ಗಡಿಯಾರ ಕಿಟಕಿಯ ಹಿಂದೆ ಕೂತು ಬಾಯಲ್ಲೇ ಕಳೆಯುತ್ತಿದ್ದ. "ನಿನ್ನನ್ನ ಪಳಗಿಸಿದ ಖರ್ಚು, ಕಳೆದೆ. ಡೀಸೆಲ್ ಜಾಸ್ತಿ ಕುಡಿಸಿದ್ದೀಯಾ, ಕಳೆದೆ. ಟಾರ್ಪಾಲಿಗೆ ತೂತು, ಕಳೆದೆ." ಕಳೆದು ಕಳೆದು ಉಳಿದದ್ದು ಇಸ್ತ್ರಿ ಮೇಜು ಕೊಡುತ್ತಿದ್ದುದರ ಅರ್ಧವೂ ಇರಲಿಲ್ಲ.

"ಅಣ್ಣಾ," ಎಂದು ಒಂದು ದಿನ ಕೇಳಿದಳು, "ನಿನಗೂ ಶುರುವಿನಲ್ಲಿ ಹಿಂಗೇ ಕಳೀತಿದ್ರಾ?"

"ನನಗಾ? ನನ್ನ ಸಂಬಳ ಕಳೆಯೋಕೆ ಕೂತವರು ಇನ್ನೂ ಕಳೀತಾನೇ ಇದ್ದಾರೆ. ಮುಗಿದೇ ಇಲ್ಲ!"

ತಂಗಿ ನಗಲಿಲ್ಲ. "ಹಂಗಾದ್ರೆ ನನಗೇ ಓಡಿಸೋಕೆ ಬರ್ತಿಲ್ಲ ಬಿಡು," ಅಂದಳು.

ಆ ಮಾತು ಮಹಾರಾಜನ ಪಕ್ಕೆಗೆ ಚೂರಿಯ ಹಾಗೆ ಇಳಿಯಿತು. ಅವನ ಸುಳ್ಳು ಅವಳ ಕಾಸನ್ನಷ್ಟೇ ತಿಂದಿರಲಿಲ್ಲ. ತಪ್ಪು ತನ್ನದೇ ಎಂದು ಅವಳು ನಂಬುವ ಹಾಗೆ ಮಾಡಿತ್ತು. ಕಂಪನಿ ಕದ್ದದ್ದಕ್ಕೆ ಅವಳು ತನ್ನ ಕೈಯನ್ನೇ ಬೈದುಕೊಳ್ಳುತ್ತಿದ್ದಳು. ಎಲ್ಲ ಹೊಸಬರೂ ಹಾಗೇ. ಅಂಗಿಗೆ ಗೆರೆ ಹಾಕಿಕೊಂಡ ಮಹಾರಾಜ ಗೇಟಿನಲ್ಲಿ ನಿಂತಿರುವ ತನಕ, ಕಮ್ಮಿ ಸಿಕ್ಕವನು ತಾನೇ ದಡ್ಡ ಎಂದುಕೊಂಡು ಸುಮ್ಮನಿರುತ್ತಿದ್ದ.

ಮಾರನೆಯ ವಾರ ಟೀ ಅಂಗಡಿಯಲ್ಲಿ ಬಡಗಿ ಸಿಕ್ಕ. ತಂಗಿಯ ಜೊತೆಯೇ ಸೇರಿದ ಹೊಸಬ. ಬಾಗಿಲು ಕಿಟಕಿ ಮಾಡುತ್ತಿದ್ದವನು; ಕಾರ್ಖಾನೆಯಲ್ಲಿ ಅಚ್ಚು ಹಾಕಿದ ಬಾಗಿಲು ಬಂದ ಮೇಲೆ ಕೆಲಸ ಹೋಗಿತ್ತು. ಅವನನ್ನು ಸೇರಿಸಿದ್ದೂ ಮಹಾರಾಜನೇ.

"ಮಹಾರಾಜರೇ, ನಿಮ್ಮ ರಾಜ್ಯದಲ್ಲಿ ಎಲ್ಲಾ ಇದೆ. ಹೆಣ್ಣುಮಗಳಿಗೆ ಒಂದು ಕಕ್ಕಸು ಇಲ್ಲವಲ್ಲ?"

"ಏನಯ್ಯಾ ಹಂಗಂದ್ರೆ?"

ಬಡಗಿ ಹೇಳಿದ. ಗೋದಾಮಿನ ಎದುರು ಸರದಿ. ಎರಡನೆಯ ದಿನ. ತಂಗಿಯ ಕಿಬ್ಬೊಟ್ಟೆ ಕಲ್ಲಾಗಿತ್ತು. ಗೇಟಿನ ಕಾವಲುಗಾರನನ್ನು ಕೇಳಿದಳು. ಒಳಗೆ ಕಕ್ಕಸು ಇತ್ತು. "ಅದು ಆಫೀಸಿನವರಿಗೆ. ನೀನು ಗಾಲಿ ಮರೆಗೆ ಹೋಗು," ಅಂದ. ಅವಳು ತನ್ನ ಲಾರಿಗೂ ಮುಂದಿನ ಲಾರಿಗೂ ನಡುವೆ ಕೂತಳು. ಬೇರೆ ಮರೆ ಇರಲಿಲ್ಲ. ಅವಳು ಕೂತಾಗಲೇ ಸರದಿ ಸರಿಯಿತು. ಮುಂದಿನ ಲಾರಿ ಹೊರಟುಹೋಯಿತು. ಮಟಮಟ ಮಧ್ಯಾಹ್ನ. ಬಟ್ಟಬಯಲು. ಯಾರೋ ಹಾರ್ನ್ ಹೊಡೆದರು. ಯಾರೋ ಸಿಳ್ಳೆ ಹಾಕಿದರು. ಅವಳಿಗೆ ಏಳಲೂ ಆಗಲಿಲ್ಲ, ಕೂರಲೂ ಆಗಲಿಲ್ಲ. ಕಾವಲುಗಾರ ಬಂದು ಅವಳ ಲಾರಿಯ ಬಾಗಿಲಿಗೆ ಕೋಲಿನಿಂದ ಬಡಿದ. "ಸೀಟಿನಲ್ಲಿ ಡ್ರೈವರ್ ಇಲ್ಲ. ಬಾಲಕ್ಕೆ ಹೋಗು."

"ಹೋದ್ಳು," ಅಂದ ಬಡಗಿ. "ಆಮೇಲೆ ನಾನೂ ಬಾಲಕ್ಕೆ ಹೋದೆ."

"ನೀನ್ಯಾಕೆ?"

"ಮುಂದಿನ ಲಾರಿ ನಂದು." ಬಡಗಿ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದ. "ಕನ್ನಡಿಯಲ್ಲಿ ನೋಡಿದೆ. ಕಂಡ್ಳು. ಸರಿಯದಿದ್ರೆ ನನ್ನ ಸರದಿ ಹೋಗ್ತಿತ್ತು. ಸರಿದುಬಿಟ್ಟೆ. ಅವಳ ಮುಖ ಹೆಂಗೆ ನೋಡ್ಲಿ ಹೇಳಿ?"

ಟೀ ಆರಿ ಕೆನೆ ಕಟ್ಟಿತು. ಸಂಜೆ ತಂಗಿಯ ಮನೆಯ ತನಕ ಹೋದ. ಬಾಗಿಲ ಹೊರಗೆ ಬೂಟು ಇದ್ದವು. ಸಿಮೆಂಟಿನ ಧೂಳು ಮೆತ್ತಿ ಬೆಳ್ಳಗಾಗಿದ್ದವು. ಒಳಗಿಂದ ಮಗಳಿಗೆ ಪಾಠ ಹೇಳಿಕೊಡುವ ದನಿ. ಅವನು ಬಂ‍ದ ದಾರಿಗೆ ಸುಂಕವಿಲ್ಲ ಎಂದು ತಿರುಗಿಕೊಂಡ.

ಮಾರನೆಯ ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ಕ್ರೇನಿನವನು ಇನ್ನೇನು ಎರಡನೆಯ ಮಹಡಿ ಕಟ್ಟಿಸಬೇಕು, ಅಷ್ಟರಲ್ಲಿ ಫೋನ್ ಬಂತು. ಗಡಿಯಾರ.

"ನಿನ್ನ ತಂಗಿ ಯಾರ್ಡಿನ ಗೇಟಿಗೆ ಅಡ್ಡ ಲಾರಿ ನಿಲ್ಲಿಸಿದ್ದಾಳೆ. ಬಾ ಬೇಗ. ನಿಮಿಷ ನಿಮಿಷಕ್ಕೂ ನಷ್ಟ ಆಗ್ತಿದೆ ನನಗೆ!"

ಆದದ್ದು ಇಷ್ಟು. ತಂಗಿ ಬೆಳಿಗ್ಗೆ ಕಿಟಕಿಯ ಹತ್ತಿರ ಹೋಗಿ, ಸರದಿಯಲ್ಲಿ ಕಾದ ದಿನಗಳ ಕೂಲಿ ಕೇಳಿದ್ದಳು.

"ಕೂತದ್ದಕ್ಕೆ ಕೂಲಿನಾ?" ಅಂದಿದ್ದ ಗಡಿಯಾರ. "ಕೂರೋಕೆ ಸೀಟು ಕೊಟ್ಟದ್ದೇ ಹೆಚ್ಚು. ಅದೂ ಅಲ್ಲದೆ ನೀನು ಎಲ್ಲೆಲ್ಲಿ ಕೂತೆ ಅಂತ ಊರಿಗೆಲ್ಲಾ ಗೊತ್ತಾಗಿದೆಯಲ್ಲ!"

ಆಫೀಸಿನ ಒಳಗೆ ಯಾರೋ ಕಿಸಕ್ಕೆಂದರು.

ತಂಗಿ ಕಿಟಕಿಯ ಕಂಬಿ ಹಿಡಿದಳು. ಆಮೇಲೆ ಮೆಲ್ಲಗೆ ಕೇಳಿದಳು. "ಗಾಲಿ ನಿಂತ್ರೆ ಅದಕ್ಕೆ ಬೆಲೆ ಇಲ್ಲ, ಅಲ್ವಾ ಸಾರ್?"

"ಒಂದು ಕಾಸೂ ಇಲ್ಲ."

"ಸರಿ."

ಲಾರಿ ಹತ್ತಿದಳು. ಗೇಟಿನ ಬಾಯಿಗೆ ತಂದು ಅಡ್ಡಡ್ಡ ನಿಲ್ಲಿಸಿದಳು. ಒಂದು ಬೆಕ್ಕು ಕೂಡ ನುಸುಳದ ಹಾಗೆ. ಎಂಜಿನ್ ಆರಿಸಿದಳು. ಕೀಲಿ ಕಿತ್ತು ಬೂಟಿನೊಳಗೆ ಹಾಕಿಕೊಂಡಳು. ಒಂದು ಸೈಜು ದೊಡ್ಡ ಬೂಟು. ಕೀಲಿಗೆ ಬೇಕಾದಷ್ಟು ಜಾಗ ಇತ್ತು. ಹಿಂದೆ ಲೋಡಾದ ಲಾರಿಗಳು ಸಾಲುಗಟ್ಟಿದವು. ಹಾರ್ನ್ ಬೊಬ್ಬೆ ಹಾಕಿದವು. ಆಗ ಬಡಗಿ ತನ್ನ ಎಂಜಿನ್ ಆರಿಸಿದ. ಅವನ ಹಿಂದಿನವನು ಆರಿಸಿದ. ಒಂದೊಂದೇ ಹಾರ್ನ್ ಬಾಯಿ ಮುಚ್ಚಿತು. ಯಾರ್ಡಿನಲ್ಲಿ ಅಂಥ ಮೌನ ಯಾರೂ ಕೇಳಿರಲಿಲ್ಲ. ಆಫೀಸಿನ ಗೋಡೆಯ ಗಡಿಯಾರ ಮಾತ್ರ ಟಿಕ್ ಟಿಕ್ ಅನ್ನುತ್ತಿತ್ತು.

ಮಹಾರಾಜ ಬಂದಾಗ ಮ್ಯಾನೇಜರ್ ಅವನ ರಟ್ಟೆ ಹಿಡಿದು ಗೋಡೆಯ ಮರೆಗೆ ಎಳೆದ.

"ನೋಡು, ನಿನ್ನ ಮಾತು ಇವರು ಕೇಳ್ತಾರೆ. ಲಾರಿ ಮೇಲೆ ಹತ್ತಿ ಮಾತಾಡು. ಶುರುವಿನಲ್ಲಿ ನೀನೂ ಹಲ್ಲು ಕಚ್ಚಿಕೊಂಡು ದುಡಿದು ಹೆಂಗೆ ಮೇಲೆ ಬಂದೆ ಅಂತ ಹೇಳು. ಲಾರಿ ಸರಿದ್ರೆ ನಾಳೆಯಿಂದ ನಿನಗೆ ಆಫೀಸಿನಲ್ಲಿ ಕುರ್ಚಿ. ಮೆತ್ತನೆಯ ಕುರ್ಚಿ. ನಿನ್ನ ಸೊಂಟಕ್ಕೆ."

ಮಹಾರಾಜನ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು.

"ಸರಿಯದಿದ್ರೆ," ಗಡಿಯಾರ ಅವನ ಅಂಗಿಯ ಕಾಲರನ್ನು ನೀಟಾಗಿ ಸರಿಮಾಡಿದ, "ಅವಳ ತಲೆಗೆ ನೀನು ಎಷ್ಟು ಎಣಿಸಿಕೊಂಡೆ ಅಂತ ನಾನೇ ಕೂಗಿ ಹೇಳ್ತೀನಿ."

ಮಹಾರಾಜ ನಡೆದ. ಯಾರ್ಡು ಅಷ್ಟು ದೊಡ್ಡದು ಎಂದು ಅವನಿಗೆ ಗೊತ್ತಿರಲಿಲ್ಲ. ತಂಗಿ ಲಾರಿಯ ಮೆಟ್ಟಿಲ ಮೇಲೆ ಕೂತಿದ್ದಳು. ಹೊಸಬರೆಲ್ಲ ಸುತ್ತ ನೆರೆದಿದ್ದರು. ಎಲ್ಲರೂ ಅವನೇ ತಂದ ತಲೆಗಳು. ಅವನು ಪಕ್ಕದ ಲಾರಿಯ ಫುಟ್‌ಬೋರ್ಡ್ ಹತ್ತಿದ. ಸೊಂಟ ಲಟಕ್ಕೆಂದಿತು. ಮುಖದ ಮೇಲೆ ಗೇಟಿನ ನಗು ತಂದುಕೊಂಡ.

"ತಮ್ಮಂದಿರಾ! ಕಷ್ಟ ಯಾರಿಗಿಲ್ಲ? ನಾನು ಸೇರಿದಾಗ ಲಾರಿಗೆ ಬ್ರೇಕೇ ಇರಲಿಲ್ಲ. ಕಾಲಲ್ಲೇ ನೆಲ ಒತ್ತಿ ನಿಲ್ಲಿಸ್ತಿದ್ದೆ! ಆದ್ರೂ ಹಲ್ಲು ಕಚ್ಚಿದೆ. ಮೊದಲ ತಿಂಗಳ ಸಂಬಳ ಬಂತು ನೋಡಿ, ವೇಬ್ರಿಡ್ಜಿನವರು..."

"ಅಣ್ಣಾ," ಅಂದಳು ತಂಗಿ. ಕೂಗಲಿಲ್ಲ. "ಸರದಿಯಲ್ಲಿ ಕಾದದ್ದಕ್ಕೆ ನಿನಗೆ ಕೊಡ್ತಿದ್ರಾ?"

"ಕಾಯೋದಾ? ನಮ್ಮ ಕಾಲದಲ್ಲಿ ನಾವು ಕಾಯ್ತಿರಲಿಲ್ಲ ಕಣೇ. ಗೇಟುಗಳೇ ಓಡಿ ಬಂದು ನಮ್ಮ ಮುಂದೆ ನಿಲ್ತಿದ್ವು!"

ಒಬ್ಬಿಬ್ಬರು ನಕ್ಕರು. ತಂಗಿ ನಗಲಿಲ್ಲ.

"ಮೊದಲ ತಿಂಗಳು ನೀನು ಮನೆಗೆ ಬಂದಾಗ ಬಾಗಿಲು ತೆಗೆದವಳು ನಾನು. ನಾನಾಗ ಚಿಕ್ಕವಳು. ಆದ್ರೂ ನೆನಪಿದೆ. ಮಳೆ ಬರ್ತಿತ್ತು. ನೀನು ನಡೆದು ಬಂದೆ. ಲಾರಿ ಎಲ್ಲಿತ್ತು?"

ಮಹಾರಾಜ ಮಣಿಕಟ್ಟಿನ ವಾಚನ್ನು ತಿರುಗಿಸಿದ. ತಂಗಿ ಬಿಡಲಿಲ್ಲ.

"ಹೆಗಲ ಮೇಲೆ ಏನೋ ಹೊತ್ತಿದ್ದೆ. ಅಷ್ಟು ದೊಡ್ಡ ಗಂಟು. ಅಮ್ಮ ಸಂಬಳ ಎಲ್ಲಿ ಅಂದಾಗ, ಇದನ್ನ ಕೊಂಡೆ ಅಂದೆ. ಏನದು?"

"ಅದು..." ಅಂದ ಮಹಾರಾಜ. ಆನೆ ಬರಲಿಲ್ಲ. ಆಡೂ ಬರಲಿಲ್ಲ. ಹುಡುಕಿದ. "ಟಾರ್ಪಾಲು."

"ಕೊಂಡದ್ದಾ?"

"ಅಲ್ಲ."

ಯಾರ್ಡು ಕಿವಿಯಾಯಿತು.

"ದಾರಿಯಲ್ಲಿ ಗಾಳಿಗೆ ಹರಿದಿತ್ತು. ಅದರ ಬೆಲೆ ನನ್ನ ಸಂಬಳಕ್ಕೆ ಹಿಡಿದರು. ಪೂರಾ ಸಂಬಳ ಹೋಯ್ತು. ಸಾಲದ್ದಕ್ಕೆ ಮುಂದಿನ ತಿಂಗಳದ್ದೂ ಸ್ವಲ್ಪ ಹೋಯ್ತು. ಬೆಲೆ ಕೊಟ್ಟಿದ್ದೀಯಲ್ಲ, ಟಾರ್ಪಾಲು ನಿಂದೇ, ಹೊತ್ಕೊಂಡು ಹೋಗು ಅಂತ ನಕ್ಕರು. ಹೊತ್ಕೊಂಡು ಬಂದೆ." ಅವನು ಫುಟ್‌ಬೋರ್ಡಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದಿದ್ದ. "ನನ್ನ ಮೊದಲ ಸಂಬಳ ಒಂದು ಹರಿದ ಟಾರ್ಪಾಲು. ಭಾರ ಇತ್ತು ಅನ್ನೋದಷ್ಟೇ ನಿಜ. ನೆನೆದಿತ್ತು."

"ಸೋರೋ ಸೂರಿಗೆ ಹಾಕಿದ್ವಿ," ಅಂದಳು ತಂಗಿ. "ಅದರ ಕೆಳಗೇ ನಾನು ಬೆಳೆದದ್ದು."

ಬಡಗಿ ಮುಂದೆ ಬಂದ. "ಮತ್ತೆ ಈ ವಾಚು? ಈ ಅಂಗಿ?"

"ವಾಚು ಡ್ರಾಯರಿನದು. ಅಂಗಿ ಕಂಪನಿದು. ನಿಮ್ಮನ್ನ ಸೇರಿಸಿದ್ದಕ್ಕೆ ತಲೆಗೆ ಇಷ್ಟು ಅಂತ ನನಗೆ ಕೊಡ್ತಾರೆ. ನಿಮ್ಮೆಲ್ಲರ ತಲೆಗೂ ತಗೊಂಡಿದ್ದೀನಿ. ನೀವು ದಡ್ಡರಲ್ಲ. ಯಾರಿಗೂ ಓಡಿಸೋಕೆ ಬರದೇ ಇಲ್ಲ. ಶುರುವಿಗೆ ಯಾರಿಗೂ ಏನೂ ಸಿಕ್ಕಿಲ್ಲ. ನನಗೂ ಸಿಕ್ಕಿಲ್ಲ."

ಯಾರೋ ಒಬ್ಬ ಕ್ಯಾಕರಿಸಿ ಉಗಿದ. ಉಗುಳು ಮಹಾರಾಜನ ಕಾಲ ಬಳಿ ಬಿತ್ತು. ಅವನು ಕಾಲು ಸರಿಸಲಿಲ್ಲ.

"ಅಂಗಿ ಬಿಚ್ಚೋ!" ಗಡಿಯಾರ ಅರಚುತ್ತಾ ಓಡಿ ಬಂದ. "ನನ್ನ ಅಂಗಿ ಬಿಚ್ಚಿ ಆಮೇಲೆ ಭಾಷಣ ಮಾಡು!"

ಮಹಾರಾಜ ವಾಚು ಬಿಚ್ಚಿ ಕೊಟ್ಟ. ಗುಂಡಿ ಒಂದೊಂದೇ ಬಿಚ್ಚಿ ಅಂಗಿ ಕೊಟ್ಟ. ಒಳಗೆ ತೂತು ಬಿದ್ದ ಬನಿಯನ್. ಅದರ ಮೇಲೆ ಸೊಂಟಕ್ಕೆ ಬಿಗಿದ ಪಟ್ಟಿ. ಯಾರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಎಷ್ಟೋ ಹಗುರ ಆಗುತ್ತಿತ್ತು.

"ಇನ್ನೂ ಒಂದಿದೆ," ಗಡಿಯಾರ ತಂಗಿಯ ಕಡೆ ತಿರುಗಿದ. "ನಿಮ್ಮಣ್ಣ ದೊಡ್ಡ ಮನುಷ್ಯ ಆಗಿಬಿಟ್ಟ ಅಂದ್ಕೋಬೇಡ. ಹೇಳ್ಲಾ?"

"ಬೇಡ ಸಾರ್," ಅಂದ ಮಹಾರಾಜ. "ನಾನೇ ಹೇಳ್ತೀನಿ."

ಫುಟ್‌ಬೋರ್ಡಿನಿಂದ ಇಳಿದ. ಮೇಲೆ ನಿಂತು ಹೇಳುವ ಮಾತಲ್ಲ ಅದು. ತಂಗಿಯ ಎದುರು ನಿಂತ. ಎಷ್ಟೋ ದಿನದ ಮೇಲೆ ಅವಳ ಕಾಲು ನೋಡಿದ. ಲೇಸು ಕಿತ್ತು ಹೋಗಿದ್ದವು. ಹಗ್ಗದ ಎಳೆಯಲ್ಲಿ ಕಟ್ಟಿಕೊಂಡಿದ್ದಳು.

"ನಿನ್ನ ತಲೆಗೂ ತಗೊಂಡೆ."

ತಂಗಿ ತಲೆ ಎತ್ತಿ ಅವನನ್ನೇ ನೋಡಿದಳು.

"ಸ್ವಂತ ತಂಗೀನಾ ಅಂತ ಕೇಳಿದ. ಹೌದು ಅಂದೆ. ತಗೊಂಡೆ. ಆ ಬೂಟು ನಾನು ಕೊಡಿಸಿದ್ದಲ್ಲ. ನಿನ್ನ ಬೆಲೆ ಅದು. ಆ ಕಾಸನ್ನ ನಾನು ಮುಟ್ಟಲಿಲ್ಲ, ಆಣೆ ಮಾಡ್ತೀನಿ, ಒಂದು ಬಿಡಿಗಾಸೂ ಬಿಡದೆ ಎಲ್ಲಾ ನಿನ್ನ ಬೂಟಿಗೇ ಹಾಕಿದೆ."

ಎಲ್ಲರೂ ಅವಳ ಕಾಲು ನೋಡಿದರು. ಬಿಚ್ಚಿ ಮುಖಕ್ಕೆ ಎಸೆಯುತ್ತಾಳೆ ಎಂದುಕೊಂಡರು. ಗಡಿಯಾರನೂ ಅದನ್ನೇ ಕಾಯುತ್ತಿದ್ದ. ಬೂಟು ಬಿಚ್ಚಿದರೆ ಕೀಲಿ ಬೀಳುತ್ತದೆ. ತಂಗಿ ಬಗ್ಗಿದಳು. ಹಗ್ಗದ ಎಳೆ ಹಿಡಿದು ಎಳೆದಳು. ಇನ್ನೊಂದು ಗಂಟು ಹಾಕಿದಳು. ಬಿಗಿಯಾಗಿ.

"ಹಂಗಾದ್ರೆ ಇದು ನಂದೇ," ಅಂದಳು. "ನನ್ನ ಕಾಸು. ನಾನ್ಯಾಕೆ ಬಿಚ್ಚಲಿ?"

ಮಹಾರಾಜನ ಎದೆಯಿಂದ ದೊಡ್ಡ ಉಸಿರು ಹೊರಬಂತು. ಬನಿಯನ್ನಿನಲ್ಲೇ ಸ್ವಲ್ಪ ನೆಟ್ಟಗಾದ. "ನಾಳೆ ಶಾಲೆಯ ಗೇಟಿಗೆ ಹೋಗ್ತೀನಿ ನೋಡು. ಇದೇ ಬನಿಯನ್ನಿನಲ್ಲಿ. ಊರೆಲ್ಲಾ ನಡುಗೋ ಹಂಗೆ ಕೂಗಿ..."

"ಕೂಗಬೇಡ ಅಣ್ಣಾ," ಅಂದಳು ತಂಗಿ. "ಮೊದಲು ನನಗೆ ಮೆಲ್ಲಗೆ ಹೇಳು. ಈ ಬೂಟಿನ ಸೈಜು ಬದಲಾಯಿಸೋಕೆ ನಾನು ಅಂಗಡಿಗೆ ಹೋಗಿದ್ದೆ. ಚಿಕ್ಕದು ಇರಲಿಲ್ಲ. ಬೆಲೆ ಕೇಳ್ಕೊಂಡು ಬಂದಿದ್ದೀನಿ. ಎಲ್ಲಾ ಇದಕ್ಕೇ ಹಾಕಿದ್ಯಾ?"

ಹಿಂದೆ ಎಲ್ಲೋ ಒಂದು ಲಾರಿಯ ಎಂಜಿನ್ ತಣ್ಣಗಾಗುತ್ತಾ ಟಕ್ ಟಕ್ ಅನ್ನುತ್ತಿತ್ತು. ಮಹಾರಾಜ ಆಣೆ ಮಾಡಲು ಎತ್ತಿದ್ದ ಕೈಯನ್ನು ಇಳಿಸಿದ.

"ಇಲ್ಲ," ಅಂದ. "ಕಾಲು ಭಾಗ. ಬಾಕಿ ನಾನು ತಿಂದೆ."

ಅದಕ್ಕೆ ಏನೂ ಸೇರಿಸಲಿಲ್ಲ.